ಹಾಳುಗುಡಿಯಲ್ಲಿ ಉಳಿದವನು

ಎಂಟು ವರ್ಷ ನಾನು ಜಪಾನಿನವನಾಗಿದ್ದೆ. ನಗಬೇಡಿ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ದೇವಣ್ಣ ನಾನು, ಜಪಾನು ಯಾವ ದಿಕ್ಕಿಗಿದೆ ಎಂದು ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಆದರೆ ಅಮಾವಾಸ್ಯೆ ದಿನ ನಮ್ಮ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಉಳಿದವರು ಉಂಡು ಮಲಗಿದರೆ ನಾನು ವಸಂತಕ್ಕನ ಮನೆಗೆ ಹೋಗಿ, ಅವಳ ಗಂಡನ ಎದುರು ಕೂತು ಬರ್ಮಾದ ಯುದ್ಧ ಮಾಡುತ್ತಿದ್ದೆ.

ಭಾವನ ಹೆಸರು ವೆಂಕಟಸ್ವಾಮಿ. ದೊಡ್ಡ ಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದವನು. ಆಮೇಲೆ ಹೂಗ್ಯಂ ಕಡೆ ಫಾರೆಸ್ಟ್ ಗಾರ್ಡ್ ಆದ. ಅಮಾವಾಸ್ಯೆಗೆ ಸರಿಯಾಗಿ ಹನೂರಿನಿಂದ ಬಸ್ಸು ಹತ್ತಿ ಬರುತ್ತಿದ್ದ, ಬರುವಾಗ ಚೀಲದ ತುಂಬ ಪಾಚಿ, ತೊಗಟೆ, ಬಿದಿರಿನ ಕಡ್ಡಿ. ಅಕ್ಕ ತರಕಾರಿ ತಂದನೇನೋ ಎಂದು ಚೀಲ ಬಿಚ್ಚಿ ಪ್ರತಿ ಸಲವೂ ಬೈಯುತ್ತಿದ್ದಳು.

ಆ ಕಸದಿಂದ ಅವನು ಕಟ್ಟಿದ್ದನ್ನು ನೋಡಿದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಎರಡು ಹಲಗೆ ಜೋಡಿಸಿದ ಮೇಜಿನ ಮೇಲೆ ಒಂದು ಇಡೀ ಕಾಡು. ಮಧ್ಯೆ ಬಿದ್ದುಹೋದ ಬುದ್ಧನ ಗುಡಿ. ಗೋಡೆಗೆ ಜೇಡಿಮಣ್ಣು, ಇಟ್ಟಿಗೆ ಪುಡಿ. ಒಡೆದ ಗೋಪುರಕ್ಕೆ, ಚಿಟ್ಟೆ ತೂತು ಮಾಡಿಕೊಂಡು ಹೊರಬಿದ್ದ ರೇಷ್ಮೆಗೂಡಿನ ಚಿಪ್ಪು. ಗೋಡೆ ಸೀಳಿ ಇಳಿದ ಬೇರುಗಳಿಗೆ ನನ್ನ ಮಗ್ಗದ ತುಂಡು ನೂಲನ್ನು ಬಣ್ಣದಲ್ಲಿ ಅದ್ದಿ ನಾನೇ ಕೊಟ್ಟಿದ್ದೆ. ಒಂದು ಅಂಚಿಗೆ ನೀಲಿ ಬಳಿದ ಹೊಳೆ. ಬೆರಳುದ್ದದ ಸಿಪಾಯಿಗಳನ್ನು ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಅವನು ಮಾಡುತ್ತಿದ್ದ. ಬಣ್ಣ ಹಾಕುವುದು ನನ್ನ ಕೆಲಸ. ಅಳಿಲ ಬಾಲದ ಕೂದಲಿನ ಕುಂಚ ಹಿಡಿದು ನಾನು ಹುಬ್ಬು ತಿದ್ದಿದರೆ ಆ ಗೊಂಬೆಗಳು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದವು.

ಆಟ ಸುಲಭ. ಆರು ಕವಡೆ. ಎಷ್ಟು ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಬೆರಳಗಲ ನಡೆ. ಎದುರಾಳಿ ಕಣ್ಣಿಗೆ ಬಿದ್ದರೆ ಗುಂಡು, ನಾಲ್ಕೋ ಅದಕ್ಕಿಂತ ಹೆಚ್ಚೋ ಬಾಯಿ ಬಿದ್ದರೆ ಅವನು ಸತ್ತ. ಭಾವನ ಹತ್ತು ಜನ ಹೊಳೆಯ ದಡದಿಂದ ಹೊರಟು ಗುಡಿಗೆ ಹೋಗಬೇಕು. ಅಲ್ಲಿ ಗೋಡೆಗೆ ಒರಗಿ ಕೂತ ಒಬ್ಬನನ್ನು ಎತ್ತಿಕೊಂಡು ವಾಪಸು ಹೊಳೆಗೆ ಬರಬೇಕು. ಬರದಂತೆ ತಡೆಯುವುದು ನಾನು, ನನ್ನ ಹನ್ನೆರಡು ಜನ, ಒಂದು ಮೆಷಿನ್ ಗನ್ನು.

ಕೂತವನಿಗೆ ಮಾತ್ರ ಮುಖ ಬರೆಯಲು ಭಾವ ಬಿಡಲಿಲ್ಲ.

"ಅವ್ನಿಗೆ ಬ್ಯಾಡ ಕಣ್ಲಾ," ಅಂದ. ಯಾಕೆ ಅಂದರೆ ಕುಂಚವನ್ನೇ ಕಿತ್ತುಕೊಂಡು ಅತ್ತ ಇಟ್ಟ.

ಈಗ ನನ್ನ ಮಾತು. ಮೆಷಿನ್ ಗನ್ನನ್ನು ಹೊಳೆಯಿಂದ ಗುಡಿಗೆ ಹೋಗುವ ದಾರಿಯ ಬಿದಿರು ಮೆಳೆಯ ಕಡೆ ತಿರುಗಿಸಿ ಇಟ್ಟರೆ ಒಂದು ನರಪಿಳ್ಳೆಯೂ ಗುಡಿ ಸೇರುವಂತಿರಲಿಲ್ಲ. ಇದು ನನಗೆ ಎರಡನೆಯ ಆಟಕ್ಕೇ ಗೊತ್ತಾಯಿತು. ನಾನು ಅದನ್ನು ಯಾವಾಗಲೂ ಗುಡ್ಡದ ಕಡೆಗೇ ಇಟ್ಟೆ. ಅಕ್ಕನ ಗಂಡನನ್ನು ಅವನ ಮನೆಯಲ್ಲೇ ಕೂತು, ಅವನ ಎಲೆಯಲ್ಲೇ ಉಂಡು ಸೋಲಿಸುವುದುಂಟೇ? ನಮ್ಮಲ್ಲಿ ಚೌಕಾಬಾರ ಆಡಿದರೂ ಭಾವನಿಗೆ ಬಿಟ್ಟುಕೊಡುತ್ತೇವೆ. ಅವರಿಗೂ ಗೊತ್ತಿರುತ್ತದೆ, ಮೀಸೆ ತಿರುವುತ್ತಾರೆ, ಅಲ್ಲಿಗೆ ಮುಗಿಯಿತು. ಈ ಭಾವ ಮಾತ್ರ ಗೆದ್ದ ದಿನ ಊಟ ಮಾಡುತ್ತಿರಲಿಲ್ಲ. ಗೆದ್ದವನ ಜಂಬ ಅಂದುಕೊಂಡೆ. ನನ್ನಂಥ ಮುಠ್ಠಾಳ ಇನ್ನೊಬ್ಬನಿರಲಿಕ್ಕಿಲ್ಲ.

ಅರವತ್ತನಾಲ್ಕನೆಯ ಇಸವಿ. ಮಹಾಲಯ ಅಮಾವಾಸ್ಯೆಗೆ ಬಂದು, ಗೆದ್ದು, ಉಪವಾಸ ಮಲಗಿ ಭಾವ ಮರುದಿನ ಡ್ಯೂಟಿಗೆ ಹೋದ. ಅಕ್ಕ ನವರಾತ್ರಿಗೆ ಗೊಂಬೆ ಕೂರಿಸುತ್ತಿದ್ದಳು. ಆ ವರ್ಷ ಅವಳಿಗೆ ಆ ಕಾಡಿನ ಮೇಲೆ ಕಣ್ಣು ಬಿತ್ತು.

"ಗೊಂಬೆ ಪಕ್ಕದಾಗೆ ಇಟ್ರೆ ಬೀದಿ ಬೀದಿಯೇ ಬಂದ್ ನೋಡ್ತದೆ ಕಣೋ. ಆದ್ರೆ ಆ ಮುಖ ಇಲ್ದಿದ್ದು? ಅಬ್ಬದ ಮನೇಲಿ ಮುಖ ಇಲ್ದಿರೋ ಗೊಂಬೆ ಮಡಗ್ತಾರಾ?"

ಅವಳು ಹೇಳಿದ್ದು ಸರಿ, ಅದು ಅಪಶಕುನ. ನಾನು ಕುಂಚ ತೆಗೆದುಕೊಂಡೆ. ಯಾರ ಮುಖ ಬರೆಯುವುದು? ನಮ್ಮ ಬೀದಿಯಿಂದ ಬರ್ಮಾಕ್ಕೆ ಹೋದವರು ಇಬ್ಬರೇ. ಒಬ್ಬ ಭಾವ. ಇನ್ನೊಬ್ಬ ಎದುರು ಮನೆಯ ಹೊನ್ನಯ್ಯ. ಅವನು ಕಾಣೆಯಾದ ಎಂದು ಕಾಗದ ಬಂದಿತ್ತು, ಅಷ್ಟೇ. ಕಾಡಿನಲ್ಲಿ ದಾರಿ ತಪ್ಪಿ ಕಳೆದುಹೋದ ಎಂದು ಭಾವನೂ ಹೇಳಿದ್ದ. ಅವನ ಹೆಂಡತಿ ಸರಸ್ವತಮ್ಮ ಇಪ್ಪತ್ತು ವರ್ಷದಿಂದ ಕುಂಕುಮ ಅಳಿಸದೆ, ಗಂಡ ಬಂದರೆ ಕಾಲು ತೊಳೆಯಲಿ ಎಂದು ದಿನಾ ಸಂಜೆ ಬಾಗಿಲ ಪಕ್ಕ ಒಂದು ಚೊಂಬು ನೀರು ಇಡುತ್ತಿದ್ದಳು. ಪಾಪ, ನೋಡಿ ಖುಷಿಪಡಲಿ ಎಂದು ನಾನು ಹೊನ್ನಯ್ಯನನ್ನೇ ಬರೆದೆ. ಸಣ್ಣ ಮೀಸೆ, ಎಡಹುಬ್ಬಿನ ಮೇಲೆ ಮಚ್ಚೆ.

ಅವಳು ಖುಷಿಪಟ್ಟಳು. ಒಂಬತ್ತು ದಿನವೂ ಬಂದು ಆ ಗೊಂಬೆಯ ಮುಂದೆ ಒಂದೊಂದು ಮಲ್ಲಿಗೆ ಇಟ್ಟಳು.

ವಿಜಯದಶಮಿ ಸಂಜೆ ಆರತಿ ಎತ್ತಿ, ಪದ್ಧತಿಯಂತೆ ಒಂದು ಗೊಂಬೆಯನ್ನು ಮಲಗಿಸಬೇಕು. ಅಕ್ಕ ಆರತಿ ತಟ್ಟೆ ಹಿಡಿದಿದ್ದಳು, ಸರಸ್ವತಮ್ಮ ಪಕ್ಕದಲ್ಲಿದ್ದಳು. ಅಷ್ಟರಲ್ಲಿ ಭಾವ ಬಂದ. ಹೆಗಲ ಚೀಲ ಇಳಿಸುತ್ತ ಮೇಜಿನ ಕಡೆ ನೋಡಿದವನು ಚೀಲವನ್ನು ಅಲ್ಲೇ ಬಿಟ್ಟ. ಪಾಚಿಯೆಲ್ಲ ನೆಲಕ್ಕೆ ಚೆಲ್ಲಿತು.

"ಇದಕ್ಕೆ ಮುಖ ಬರ್ದೋರು ಯಾರು?"

"ನಾನೇ ಭಾವ. ಹೊನ್ನಯ್ಯನ್ನ..."

"ಇವನು ಅವನೇ ಅಂತ ನಿಂಗ್ಯಾರ್ಲಾ ಏಳಿದ್ದು?"

ಯಾರೂ ಹೇಳಿರಲಿಲ್ಲ. ಹಾಗೆ ಕೇಳಿದ್ದರಿಂದಲೇ ನಮಗೆ ಗೊತ್ತಾಯಿತು. ಸರಸ್ವತಮ್ಮ ಮೇಜಿನ ಹತ್ತಿರ ಹೋದಳು.

"ಅಂಗಾರೆ ಇಲ್ಲೇ ಕೂತಿದ್ರಾ ಅಣ್ಣಾ ನಮ್ಮವ್ರು?" ಎಂದು ಕೇಳಿದಳು. ಗುಡಿಯಿಂದ ಹೊಳೆಗೆ ಗೇಣು ಹಾಕಿ ನೋಡಿದಳು. "ನಾಕೇ ಗೇಣು. ಕರ್ಕಂಡ್ ಬರಕ್ಕೆ ಆಗ್ನಿಲ್ವಾ?"

ಭಾವ ನೆಲದ ಮೇಲೆ ಕುಸಿದು ಕೂತ. ಇಪ್ಪತ್ತು ವರ್ಷ ನುಂಗಿದ್ದನ್ನು ಅಲ್ಲೇ, ಆರತಿಯ ಮುಂದೆ ಕಕ್ಕಿದ.

"ತೊಡೆಗೆ ಗುಂಡು ಬಿದ್ದಿತ್ತು ಕಣವ್ವ. ಒತ್ಕಂಡ್ ಬರಕ್ಕೆ ಆಗ್ನಿಲ್ಲ. ಇಲ್ಲೇ ಇರು, ಜನ ಕರ್ಕಂಡ್ ಬತ್ತೀನಿ ಅಂದೆ. ಹೊಳೆತಾವ ಹತ್ತು ಜನ ಇದ್ರು. ಅವರ ಮೇಲೆ ನಾನೇ ನಾಯಕ. ಓಗುವಾ ಅಂದಿದ್ರೆ ಬರೋರು. ನಾನು ಅನ್ನಲಿಲ್ಲ. ಯಂಗೂ ಆಗಕ್ಕಿಲ್ಲ, ಎಲ್ಲಾರೂ ಸಾಯ್ತೀವಿ ಅಂತ ದೋಣಿ ಅತ್ತಿಸ್ದೆ. ಅವನು ಕೂಗ್ತಿದ್ದುದು ಆಚೆ ದಡಕ್ಕೂ ಕೇಳ್ತಿತ್ತು." ಅವನು ನನ್ನ ಕಡೆ ತಿರುಗಿದ. "ಆಗಕ್ಕಿಲ್ಲ ಅನ್ನೋದು ದಿಟವಾ ಅಂತ ನೋಡಕ್ಕೇ ಈ ಆಟ ಕಟ್ಟಿದ್ದು. ದಿಟ ಅಲ್ಲ. ಒಂದ್ಸಲ ಅಲ್ಲ, ಅರವತ್ತು ಸಲ ಕರ್ಕಂಡ್ ಬಂದಿವ್ನಿ. ಆಗ್ತಿತ್ತು. ನಾನೇ ಓಗ್ನಿಲ್ಲ."

ಎಂಟು ವರ್ಷ ಅವನು ಸೋಲಲು ಕೂತಿದ್ದ. ಎಂಟು ವರ್ಷ ನಾನು ಮರ್ಯಾದೆ ಎಂದುಕೊಂಡು ಅವನನ್ನು ಗೆಲ್ಲಿಸಿ ಗೆಲ್ಲಿಸಿ ಕೊಂದಿದ್ದೆ.

"ಭಾವ, ನಾನು ಬಿಟ್ಟುಕೊಟ್ಟೆ. ಗನ್ನು ಬೇಕಂತಲೇ ಅತ್ಲಾಗೆ ಮಡಗ್ತಿದ್ದೆ. ನಿಮ್ಮನ್ನ ಯಂಗೆ ಸೋಲ್ಸದು ಅಂತ..."

ಅವನು ನನ್ನನ್ನು ನೋಡಿದ ನೋಟ ನನಗೆ ಸಾಯುವವರೆಗೂ ಮರೆಯದು. ಸಿಟ್ಟಿರಲಿಲ್ಲ. ನಂಬಿಕೆಯೂ ಇರಲಿಲ್ಲ. "ಸಮಾಧಾನ ಏಳ್ಬ್ಯಾಡ ಕಣ್ಲಾ," ಅಂದ.

ಆಗ ಸರಸ್ವತಮ್ಮ ಕವಡೆಗಳನ್ನು ಎತ್ತಿ ನನ್ನ ಮುಂದೆ ಇಟ್ಟಳು. "ಈಗ ಆಡು ದೇವಣ್ಣ. ಬಿಟ್ಕೊಡ್ದಂಗೆ ಆಡು. ಅಣ್ಣನ ಕಡೆ ನಾನು ಆಡ್ತೀನಿ."

ಅಕ್ಕ ಬೇಡ ಎಂದು ಅತ್ತಳು. ಯಾರೂ ಕೇಳಲಿಲ್ಲ. ನಾನು ಮೆಷಿನ್ ಗನ್ನನ್ನು ಎತ್ತಿ ಬಿದಿರು ಮೆಳೆಯ ಕಡೆ ತಿರುಗಿಸಿ ಇಟ್ಟೆ. ನಾನು ಗೆದ್ದರೆ ಭಾವ ಬದುಕುತ್ತಾನೆ, ಈ ಹೆಂಗಸಿನ ಗಂಡ ಗುಡಿಯಲ್ಲೇ ಸಾಯುತ್ತಾನೆ. ಸೋತರೆ ಆ ಗೊಂಬೆ ಹೊಳೆ ದಾಟುತ್ತದೆ, ಭಾವ ಈ ಮನೆಯ ತೊಲೆಗೇ ನೇಣು ಹಾಕಿಕೊಂಡಾನು. ದೇವರೇ, ಈ ಜಪಾನು ನನಗೆ ಯಾಕೆ ಬೇಕಿತ್ತು ಅನಿಸಿತು.

ಅವಳಿಗೆ ಕವಡೆ ಚೆನ್ನಾಗಿಯೇ ಬಿದ್ದವು. ಆದರೂ ಒಂದಾದ ಮೇಲೊಂದು ಐದು ಜನ ಮೆಳೆಯ ಬಾಯಲ್ಲಿ ಸತ್ತರು. ಪಾಚಿ ಹಚ್ಚಿದ ಕಟ್ಟೆಯ ಹಿಂದೆ ಮೂವರು. ಉಳಿದಿಬ್ಬರು ಗುಡಿಯ ಮೆಟ್ಟಿಲಿಗೆ ಒಂದು ಬೆರಳು ಇರುವಾಗ ನನಗೆ ಐದು ಬಾಯಿ ಬಿದ್ದವು, ಮತ್ತೆ ನಾಲ್ಕು. ಮುಗಿಯಿತು.

ನಾನು ಭಾವನ ಮುಖ ನೋಡಿದೆ. ಅಳುತ್ತಾನೆ, ಇಲ್ಲ ನಗುತ್ತಾನೆ ಅಂದುಕೊಂಡಿದ್ದೆ. ಅವನು ಮೆಲ್ಲಗೆ ಕೇಳಿದ, "ಇದೂನೂವೆ ಬಿಟ್ಕೊಟ್ಟಿದ್ದೇ ಅಲ್ವೇನ್ಲಾ? ನಾನು ಸೋಲ್ಬೇಕು ಅಂತ ಗೊತ್ತಾಗಿ?"

ಕವಡೆಗೆ ನಾನು ಮೋಸ ಮಾಡಲಿಲ್ಲ ಎಂದು ಆಣೆ ಇಟ್ಟೆ. ಅಕ್ಕನ ತಲೆ ಮುಟ್ಟಿ ಆಣೆ ಇಟ್ಟೆ. ಅವನು ತಲೆಯಾಡಿಸಿದ, ಅಷ್ಟೇ. ಎಂಟು ವರ್ಷ ಸುಳ್ಳು ಆಡಿದವನ ಒಂದು ದಿನದ ನಿಜವನ್ನು ಯಾರು ನಂಬುತ್ತಾರೆ?

ಸರಸ್ವತಮ್ಮ ಮೇಜಿನ ಮುಂದೆ ಇನ್ನೂ ನಿಂತಿದ್ದಳು. "ಕೂಗ್ತಿದ್ರು ಅಂದ್ಯಲ್ಲಣ್ಣ, ಏನಂತ ಕೂಗ್ತಿದ್ರು?"

"ನೀರು ಅಂತ."

ಅವಳು ಹೊರಗೆ ಹೋದಳು. ಎದುರು ಮನೆಯ ಬಾಗಿಲ ಪಕ್ಕದ ಚೊಂಬನ್ನು ತಂದು, ಬೆರಳು ಅದ್ದಿ, ಆ ಗೊಂಬೆಯ ತುಟಿಗೆ ಒಂದು ಹನಿ ಹಾಕಿದಳು. ನಾನು ಬರೆದ ಮೀಸೆ ಕದಡಿ ಗಲ್ಲಕ್ಕೆ ಇಳಿಯಿತು. ಆಮೇಲೆ ಅವನನ್ನು ಗೋಡೆಯಿಂದ ಬಿಡಿಸಿ ಗುಡಿಯೊಳಗೇ ಮಲಗಿಸಿದಳು. ಆ ವರ್ಷದ ಹಬ್ಬಕ್ಕೆ ಮಲಗಿಸಿದ್ದು ಅದೊಂದೇ ಗೊಂಬೆ.

ಮಲಗಿಸಿದ ಗೊಂಬೆಯನ್ನು ಮರುದಿನ ಎತ್ತಿ ಪೆಟ್ಟಿಗೆಯಲ್ಲಿಡುವುದು ಪದ್ಧತಿ. ಬೆಳಿಗ್ಗೆ ನಾನು ಹೋದಾಗ ಅಕ್ಕ ಉಳಿದ ಗೊಂಬೆಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಎದುರು ಮನೆಯ ಬಾಗಿಲಲ್ಲಿ ಸರಸ್ವತಮ್ಮ ಬರಿ ಹಣೆಯಲ್ಲಿ ಕೂತಿದ್ದಳು. ಒಳಗೆ ಭಾವ ಮೇಜಿನ ಮುಂದೆ ಒಬ್ಬನೇ ಕೂತು, ಹತ್ತು ಜನರನ್ನು ಮತ್ತೆ ಹೊಳೆಯ ದಡದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ.