ಲೈಟ್‌ಹೌಸಿನ ಕಥೆ ತಿದ್ದಿದ್ದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ನಾಲಿಗೆ ಬಿದ್ದುಹೋಗಲಿ. ಇಪ್ಪತ್ತೆರಡು ವರ್ಷದಿಂದ ಊರು ನೋಡಲು ಬಂದವರಿಗೆ ಕೋಟೆ, ಫಿರಂಗಿ, ಹಳೆಯ ಸುಂಕದ ಕಟ್ಟೆ, ಕೊನೆಗೆ ಲೈಟ್‌ಹೌಸ್ ತೋರಿಸುತ್ತಿದ್ದೇನೆ. ಕೋಟೆಯಲ್ಲಿ ಬರೀ ಕಲ್ಲು. ಫಿರಂಗಿ ಒಮ್ಮೆಯೂ ಸಿಡಿದಿಲ್ಲ. ಲೈಟ್‌ಹೌಸಿಗೆ ಬರುವಷ್ಟರಲ್ಲಿ ಜನರ ಕಾಲು ಸೋತಿರುತ್ತದೆ, ಕಿವಿಯೂ ಸೋತಿರುತ್ತದೆ. ಅದಕ್ಕೇ ಒಂದು ಕಥೆ ಕಟ್ಟಿದೆ. ಮಂಜು ಕವಿದ ದಿನ ಗಂಟೆ ಬಾರಿಸಬೇಕಿದ್ದ ಕಾವಲುಗಾರ ಕುಡಿದು ಮಲಗಿದ, ದೋಣಿ ಬಂಡೆಗೆ ಬಡಿಯಿತು, ಹನ್ನೊಂದು ಜನ ಹೋದರು. ದೋಣಿ ನಿಜ. ಹನ್ನೊಂದು ಜನವೂ ನಿಜ. ಕುಡಿತ, ನಿದ್ದೆ ಮಾತ್ರ ನಾನು ಸೇರಿಸಿದ್ದು.

ಕಳೆದ ವಾರ ಲೈಟ್‌ಹೌಸಿನ ಮೇಲೆ ಈ ಕಥೆ ಮುಗಿಸಿದಾಗ ಗುಂಪಿನ ಹಿಂದೆ ನಿಂತಿದ್ದ ಹೆಂಗಸೊಬ್ಬರು ಕೇಳಿದರು: "ಅಣ್ಣಾ, ಅವರು ಮಲಗಿದ್ದನ್ನ ನೀವು ನೋಡಿದ್ರಾ?"

"ನೋಡಿದವರು ಹೇಳಿದ್ದಮ್ಮಾ."

"ನೋಡಿದವಳು ನಾನು. ಅವರ ಮಗಳು. ಆಗ ನಂಗೆ ಏಳು ವರ್ಷ, ಪಕ್ಕದಲ್ಲೇ ಕೂತಿದ್ದೆ. ಅಪ್ಪ ಗಂಟೆ ಹೊಡೀತಾನೇ ಇದ್ರು."

ಗುಂಪು ತಿರುಗಿ ನೋಡಿತು.

"ಶಾಲೆಯವರ ಜೊತೆ ಬಂದು ನನ್ನ ಮಗಳು ನಿಮ್ಮ ಕಥೆ ಕೇಳಿದ್ಲು. ಮನೆಗೆ ಬಂದು, 'ತಾತಾ, ನೀನು ಮಲಗಿಬಿಟ್ಯಾ?' ಅಂದ್ಲು. ಅವತ್ತಿಂದ ಅಪ್ಪ ಯಾರ ಹತ್ರಾನೂ ಮಾತಾಡ್ತಿಲ್ಲ. ಹಾಸಿಗೆ ಹಿಡಿದಿದ್ದಾರೆ, ಹೆಚ್ಚು ದಿನ ಇಲ್ಲ. ಇಷ್ಟು ಜನರ ಮುಂದೆ ನಿಜ ಹೇಳಿ. ಹೋಗಿ ಅವರ ಕಿವಿಗೆ ಹಾಕ್ತೀನಿ."

ಟೋಪಿ ತೆಗೆದೆ. "ಅವರು ಕುಡಿದಿರ್ಲಿಲ್ಲ. ಮಲಗಿರ್ಲಿಲ್ಲ. ಅದು ನಾನು ಹೇಳಿದ ಸುಳ್ಳು."

ಆಕೆಯ ಕಣ್ಣು ತುಂಬಿಬಂತು. ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ಅಷ್ಟರಲ್ಲಿ ಮುಂದಿದ್ದವನೊಬ್ಬ ಗಡಿಯಾರ ನೋಡಿಕೊಂಡ. ಎಲುಬಿಲ್ಲದ ನಾಲಿಗೆ ಸುಮ್ಮನಿರಬೇಕಲ್ಲ!

"ಬೆಳಗ್ಗೆ ಗಂಟೆ ಹಗ್ಗ ಹಿಡಿದವರು ಸಂಜೆವರೆಗೂ ಬಿಡ್ಲಿಲ್ಲ," ಎಂದೆ.

"ಹೌದು," ಎಂದರು ಆಕೆ.

"ಅಂಗೈಲಿ ಮೂಳೆ ಕಾಣ್ತಿತ್ತು."

"ಇಲ್ಲಣ್ಣಾ, ಬೊಬ್ಬೆ ಎದ್ದಿತ್ತು ಅಷ್ಟೆ."

ಗಡಿಯಾರ ನೋಡಿದವನು ಈಗ ನನ್ನನ್ನೇ ನೋಡುತ್ತಿದ್ದ. "ಕೈ ಸೋತಾಗ ಹಗ್ಗಾನ ಹಲ್ಲಲ್ಲಿ ಕಚ್ಚಿ ಎಳೆದ್ರು ಸ್ವಾಮಿ!"

"ಸಾಕು, ನಿಲ್ಸಿ. ಇದನ್ನ ಹೋಗಿ ಅಪ್ಪನಿಗೆ ಹೇಗೆ ಹೇಳ್ಲಿ?"

ಜನ ಒತ್ತಿಕೊಂಡು ಹತ್ತಿರ ಬಂದರು.

"ಹಲ್ಲೂ ಹೋಯ್ತು ಅನ್ನೋವಾಗ ಕಡಲಹಕ್ಕಿಗಳು ಸಾಲಾಗಿ ಬಂದು, ಹಗ್ಗದ ತುದೀನ ಕೊಕ್ಕಲ್ಲಿ ಹಿಡ್ಕೊಂಡು, ರೆಕ್ಕೆ ಬಡೀತಾ ಗಂಟೆ—"

ಆಕೆ ಆಗಲೇ ಅರ್ಧದಷ್ಟು ಮೆಟ್ಟಿಲು ಇಳಿದಾಗಿತ್ತು.