ಹಸಿರು ಸೇಬಿನ ಐದು ದಿನ

ಅಡ್ಡಕ್ಕೆ ಕೊಯ್ದ ಸೇಬಿನ ಮೇಲೆ ಅವಳು ಅಯೋಡಿನ್ ಸವರಿದಳು. ನೋಡನೋಡುತ್ತಿದ್ದಂತೆ ಬಿಳಿ ತಿರುಳು ಮಸಿ ಬಳಿದ ಹಾಗೆ ಕಪ್ಪಾಯಿತು. ಬೀಜದ ಸುತ್ತ ಮಾತ್ರ ಉಗುರಿನಷ್ಟು ಬಿಳುಪು ಉಳಿಯಿತು.

"ಇನ್ನೂ ಐದು ದಿನ ಬೇಕು ಮಾವ."

"ಐದು ದಿನವಾ?" ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಲಾರಿಯವನು ಗೊಣಗಿದ. "ಇವತ್ತು ತುಂಬಿಸಿ, ಇಲ್ಲಾಂದ್ರೆ ನಾನು ಬೇರೆ ತೋಟ ನೋಡ್ಕೋತೀನಿ."

ಕೆಂಪು ಸೇಬಾದರೆ ಮುಖ ನೋಡಿಯೇ ಹೇಳಬಹುದು. ಈ ಜಾತಿ ಹಾಗಲ್ಲ. ಕಾಯಾಗಿದ್ದಾಗಲೂ ಹಸಿರು, ಮಾಗಿದಾಗಲೂ ಹಸಿರು. ಮಾಗುತ್ತಾ ಒಳಗಿನ ಹಿಟ್ಟಿನಂಶ ಸಕ್ಕರೆಯಾದ ಕಡೆ ಅಯೋಡಿನ್ ಕಪ್ಪಾಗುವುದಿಲ್ಲ. ಅವಸರದಲ್ಲಿ ಕಿತ್ತರೆ ಉಗ್ರಾಣದಲ್ಲಿ ಸುಕ್ಕುಗಟ್ಟುತ್ತದೆ. ಪ್ರತಿವರ್ಷ ಗಂಡ ಹೀಗೆ ನೋಡಿಯೇ ಕೊಯ್ಲಿನ ದಿನ ಹೇಳುತ್ತಿದ್ದ. ಅವಳು ಪಕ್ಕದಲ್ಲಿ ಬಾಟಲಿ ಹಿಡಿದು ನಿಲ್ಲುತ್ತಿದ್ದಳು. ಅವನು ತೀರಿಹೋಗಿ ಏಳು ತಿಂಗಳಾಗಿತ್ತು.

ಕೊಯ್ಲು ಮುಗಿದ ಮರುದಿನ ಅಣ್ಣ ಬಂದು ಅವಳನ್ನು ತವರಿಗೆ ಕರೆದೊಯ್ಯುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ಯಾರೂ ಅವಳನ್ನು ಕೇಳಿರಲಿಲ್ಲ. ಅವಳೂ ಬೇಡ ಎಂದಿರಲಿಲ್ಲ.

ಪೆಟ್ಟಿಗೆಗಳಿಗೆ ಕಾಗದ ಹಾಸುತ್ತಿದ್ದ ಅತ್ತೆ ತಲೆಯೆತ್ತದೆ ಕೇಳಿದರು: "ಹಣ್ಣು ಮಾಗಿಲ್ವೋ, ನಿನ್ನ ಕಾಲು ಏಳ್ತಾ ಇಲ್ವೋ?"

ಅವಳಿಗೆ ಸಿಟ್ಟು ಬರಲಿಲ್ಲ. ಬೆಳಿಗ್ಗೆಯಿಂದ ತನ್ನನ್ನೇ ತಾನು ಕೇಳಿಕೊಂಡಿದ್ದೂ ಅದನ್ನೇ. ಅದಕ್ಕೇ ಒಂದು ಸಾಕಾಗುವಲ್ಲಿ ಹತ್ತು ಮರದಿಂದ ಹತ್ತು ಸೇಬು ತಂದು ಕೊಯ್ದಿದ್ದಳು.

"ಹಣ್ಣಿಗೂ ಗಾಯದ ಔಷಧಿ!" ಮಾವ ಎದ್ದರು. "ತಿಪ್ಪೆ ಪಕ್ಕ ತಾನಾಗಿ ಎದ್ದ ಗಿಡ ಇದು. ಹೆತ್ತೋರು ಯಾರೋ, ಏನೋ. ನಮ್ಮಪ್ಪ ಅದರ ಕಡ್ಡಿ ಕೊಯ್ದು ಕಸಿ ಕಟ್ಟಿ ಇಷ್ಟು ಮರ ಮಾಡಿದ. ಆಗ ಯಾರು ಅಯೋಡಿನ್ ಹಚ್ಚಿದ್ರು? ಬೀಜ ಕಂದಾಗಿದ್ರೆ ಹಣ್ಣು, ಬಿಳಿ ಇದ್ರೆ ಕಾಯಿ. ಅಷ್ಟೇ."

ಹೊರಗೆ ಹೋಗಿ ತಾವೇ ಒಂದು ಕಿತ್ತು ತಂದು ಚಾಕು ಹಾಕಿದರು. ಬೀಜಗಳ ತುದಿ ಮಾತ್ರ ಕಂದಾಗಿತ್ತು. ಒಂದು ಹೋಳು ಕಚ್ಚಿ ಮುಖ ಕಿವುಚಿದರು.

"ಹುಳಿ ಅಂತೀರಾ? ಹುಳಿಗೇ ತಾನೇ ಬೇಕರಿಯವರು ಇದನ್ನ ಕೇಳೋದು," ಎಂದರು ಅತ್ತೆ. "ಬೇಯಿಸಿದ್ರೂ ಕರಗಲ್ಲ, ರುಚಿ ಕೆಡಲ್ಲ ಅಂತ."

"ಹುಳಿ ಬೇರೆ, ಹಿಟ್ಟು ಬೇರೆ ಕಣೆ. ಇದಿನ್ನೂ ಹಲ್ಲಿಗೆ ಮೆತ್ಕೋತಾ ಇದೆ." ಮಾವ ಲಾರಿಯವನ ಕಡೆ ತಿರುಗಿದರು. "ಶನಿವಾರ ಬಾರಪ್ಪ."

"ಅಲ್ಲ ಯಜಮಾನ್ರೇ, ಬೇರೆ ತೋಟ..."

"ಹೋಗು, ನೋಡ್ಕೋ. ಸುಕ್ಕಿದ ಹಣ್ಣು ಇಳಿಸಿ ಬೈಸಿಕೊಳ್ಳೋನು ನೀನೇ."

ಅವನು ತಲೆ ಕೆರೆದುಕೊಂಡ. "ಶನಿವಾರ ಏಳು ಗಂಟೆಗೆ. ಏಳೂ ಐದಾದ್ರೆ ನಾನಿರಲ್ಲ."

ಲಾರಿಯ ಸದ್ದು ದೂರವಾದ ಮೇಲೆ ಮಾವ ಅಯೋಡಿನ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ತಳ ಕಾಣ್ತಾ ಇದೆಯಲ್ಲಮ್ಮ. ಮುಂದಿನ ವರ್ಷಕ್ಕೆ ನಿನಗೆ ಇದು ಸಾಲಲ್ಲ. ದೊಡ್ಡದೇ ತರಿಸ್ಕೋ."

ಅತ್ತೆಯ ಕೈ ಪೆಟ್ಟಿಗೆಯೊಳಗೆ ನಿಂತಿತು. ಆಮೇಲೆ ಅವರು ಇನ್ನೊಂದು ಹಾಳೆ ಹಾಸಿ, ಮೂಲೆಗಳನ್ನು ಅಂಗೈಯಿಂದ ಒತ್ತಿದರು.

ಅವಳು ಬಾಟಲಿಯ ಮುಚ್ಚಳ ಬಿಗಿದಳು. ಕಿಟಕಿಯ ಕಟ್ಟೆಯ ಮೇಲೆ ಹತ್ತು ಕಪ್ಪು ಹೋಳುಗಳು ಸಾಲಾಗಿದ್ದವು, ಒಂದೊಂದರ ನಡುವೆಯೂ ಉಗುರಿನಷ್ಟು ಬಿಳುಪು.