ದೈವದ ಮುಂದೆ ಒಂದು ಸಹಿ

ನಸುಕಿನಲ್ಲಿ ಕೊಯ್ದ ಮಲ್ಲಿಗೆ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ, ಹೂವಿನವರ ರಿಕ್ಷಾ ಬರುವ ಮೊದಲೇ ಮುಗಿಸುವುದು ಬೆಳ್ಮಣ್ಣಿನ ಸುಗಂಧಿಗೆ ಇಪ್ಪತ್ತು ವರ್ಷದ ಅಭ್ಯಾಸ. ಕಣ್ಣು ಮುಚ್ಚಿಯೂ ಕಟ್ಟಬಲ್ಲ ಅವಳ ಬೆರಳು ಒಂದು ವಾರದಿಂದ ತಪ್ಪುತ್ತಿತ್ತು. ಟಿ.ವಿ.ಯ ಕೆಳಗೆ ಅಣ್ಣ ಕರುಣಾಕರ ಇಟ್ಟುಹೋದ ಕಾಗದವೊಂದಿತ್ತು.

ಕಟಪಾಡಿಯ ಹತ್ತಿರ ಅಪ್ಪನ ಹೆಸರಿನಲ್ಲಿದ್ದ ಗದ್ದೆ ರಸ್ತೆ ಅಗಲ ಮಾಡಲು ಸರಕಾರದ ಪಾಲಾಗಿತ್ತು. ಅಪ್ಪ ತೀರಿಕೊಂಡು ಮೂರು ವರ್ಷ. ಪರಿಹಾರ ಸಿಗಬೇಕಾದರೆ ಮಕ್ಕಳಿಬ್ಬರ ಸಹಿ ಬೇಕೆಂದು ಆಫೀಸಿನವರು ಹೇಳಿದ್ದರು. ಅಣ್ಣ ತಡಮಾಡಲಿಲ್ಲ, ತಂಗಿ ತನ್ನ ಪಾಲನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾಳೆ ಎಂದು ಟೈಪು ಮಾಡಿಸಿಯೇ ತಂದಿದ್ದ. ಅವಳ ಇಚ್ಛೆ ಏನೆಂದು ಕೇಳುವುದೊಂದು ಮರೆತುಹೋಗಿತ್ತು.

ಕರುಣಾಕರ ಕೆಟ್ಟವನಲ್ಲ. ನಮ್ಮ ಕಡೆಯ ಅಣ್ಣಂದಿರು ಯಾರೂ ಕೆಟ್ಟವರಲ್ಲ. ದೀಪಾವಳಿಗೆ ತಂಗಿಗೆ ಸೀರೆ ಕೊಡುತ್ತಾರೆ, ಹಲಸು ಹಣ್ಣಾದರೆ ಗೋಣಿಯಲ್ಲಿ ಕಟ್ಟಿ ಬಸ್ಸಿಗೆ ಹಾಕುತ್ತಾರೆ. ಪಾಲು ಎಂಬ ಮಾತು ಎದ್ದರೆ ಮಾತ್ರ ತವರಿನ ಬಾಗಿಲು ಮುಚ್ಚುತ್ತದೆ.

ಉಡುಪಿಯಲ್ಲಿ ಕಾನೂನು ಓದುವ ಮಗಳು ನಿಖಿತಾ ಕಾಗದವನ್ನು ಎರಡು ಸಲ ಓದಿದಳು. ಆ ಗದ್ದೆ ಬಂದದ್ದೇ ಮುತ್ತಜ್ಜಿಯಿಂದ, ಹೆಂಗಸಿನ ಕೈಯಿಂದ. ಈಗ ದುಡ್ಡಾಗುವಾಗ ಹೆಂಗಸಿಗಿಲ್ಲ ಎಂದರೆ ಯಾವ ನ್ಯಾಯ ಎಂದು ಕೇಳಿದಳು. ಅಮ್ಮನಿಗೆ ತವರು ತಪ್ಪೀತೆಂಬ ಹೆದರಿಕೆ.

ಸಹಿ ಇನ್ನೂ ಬಾರದ್ದನ್ನು ಕಂಡು ಇನ್ನಂಜೆಯಿಂದ ಸೋದರತ್ತೆ ವಾರಿಜ ಬಂದರು.

"ನಾವೆಲ್ಲ ಬಿಟ್ಟುಕೊಡಲಿಲ್ಲವಾ? ನನಗೆ ಎಂತ ಕಡಿಮೆ ಆಯಿತು? ಸಂಕ್ರಮಣಕ್ಕೆ ತವರಿಗೆ ಬಂದು ಮನೆದೈವದ ಎದುರು ಒಂದು ಮಾತು ಹೇಳಿ ಸಹಿ ಹಾಕು. ಇಲ್ಲದಿದ್ದರೆ ನಿನ್ನ ಅಣ್ಣ ದೈವಕ್ಕೆ ದೂರು ಕೊಡುತ್ತಾನಂತೆ. ದೈವ ಮುನಿದರೆ ಮಕ್ಕಳಿಗೇ ತಟ್ಟುವುದು. ಮನೆಯಲ್ಲಿ ಬೆಳೆದ ಮಗಳುಂಟು ನಿನಗೆ."

ಆ ಕೊನೆಯ ಮಾತು ಸುಗಂಧಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಅಂದಿನಿಂದ ಸಂಜೆ ನಿಖಿತಾಳ ಸ್ಕೂಟರಿನ ಸದ್ದು ಕೇಳುವವರೆಗೆ ಅವಳು ಅಂಗಳ ಬಿಟ್ಟು ಒಳಗೆ ಬರುತ್ತಿರಲಿಲ್ಲ. ಹತ್ತು ನಿಮಿಷ ತಡವಾದರೆ ರಸ್ತೆಯವರೆಗೆ ಹೋಗಿ ನಿಲ್ಲುತ್ತಿದ್ದಳು. ಕೊನೆಗೆ ಸಾಕಾಯಿತು. ಸಹಿ ಹಾಕಿಬಿಡುತ್ತೇನೆ ಎಂದು ನಿಶ್ಚಯಿಸಿ, ಸಂಕ್ರಮಣದ ಬೆಳಗ್ಗೆ ಕಾಗದದೊಂದಿಗೆ ತವರಿಗೆ ಹೋದಳು.

ದೈವದ ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ವಾರಿಜತ್ತೆ ಮೊದಲೇ ಬಂದು ನಿಂತಿದ್ದರು. ಕರುಣಾಕರ ಅವಳ ಕೈಗೆ ವೀಳ್ಯದೆಲೆ ಕೊಟ್ಟು, ಮನಸ್ಸಿನಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಹೇಳಲು ಹೇಳಿದ. ಅವನ ಲೆಕ್ಕ ತಪ್ಪಿದ್ದು ಅಲ್ಲಿಯೇ. ಅಡುಗೆಮನೆಯಲ್ಲಿ ಕೂರಿಸಿ ಪೆನ್ನು ಕೊಟ್ಟಿದ್ದರೆ ಅವಳು ಬಾಯಿಬಿಡದೆ ಸಹಿ ಹಾಕುತ್ತಿದ್ದಳು. ಹುಟ್ಟಿದಂದಿನಿಂದ ಹೆದರಿದ ಜಾಗದಲ್ಲಿ ನಿಂತು ಸುಳ್ಳು ಹೇಳಲು ಅವಳ ನಾಲಗೆ ಏಳಲಿಲ್ಲ.

"ಹೇಳು ಮಾರಾಯ್ತಿ," ಎಂದ ಅಣ್ಣ.

"ಮನಸ್ಸಿನಿಂದ ಅಲ್ಲ ಅಣ್ಣ. ಹೆದರಿ ಬಂದದ್ದು. ನನ್ನ ಮಗಳಿಗೆ ಏನಾದರೂ ಆದೀತು ಅಂತ, ಈ ಮನೆಗೆ ಬರಲಿಕ್ಕೆ ಆಗುವುದಿಲ್ಲ ಅಂತ. ಇದನ್ನು ಇಲ್ಲಿ ಹೇಳದೆ ಬೇರೆ ಎಲ್ಲಿ ಹೇಳಲಿ? ನಿನ್ನ ಪಾಲು ನಿನಗೆ ಇರಲಿ. ನನ್ನದಕ್ಕೆ ನಾನು ಸಹಿ ಹಾಕುವುದಿಲ್ಲ."

ಅವಳು ವೀಳ್ಯದೆಲೆಯನ್ನು ದೀಪದ ಪಕ್ಕದಲ್ಲಿಟ್ಟಳು. ಹಾಗಾದರೆ ಹಣ ಕೋರ್ಟಿನಲ್ಲಿ ಕೊಳೆಯುತ್ತದೆ, ಇನ್ನು ಈ ಹೊಸಿಲು ತುಳಿಯಬೇಡ ಎಂದ ಕರುಣಾಕರ. ಅತ್ತೆಯಾದರೂ ಬುದ್ಧಿ ಹೇಳಿಯಾರೆಂದು ಅವರತ್ತ ತಿರುಗಿದ. ವಾರಿಜತ್ತೆ ದೀಪವನ್ನೇ ನೋಡುತ್ತ ನಿಂತಿದ್ದರು.

ಸುಗಂಧಿ ಅಳುತ್ತಲೇ ಗದ್ದೆಯ ಬದು ದಾಟಿ ಕಟಪಾಡಿಯ ಬಸ್ ನಿಲ್ದಾಣಕ್ಕೆ ಬಂದಳು. ಹುಟ್ಟಿದ ಮನೆ ಕಳೆದುಹೋದ ದುಃಖ ಸಣ್ಣದಲ್ಲ. ಅದನ್ನು ಸಣ್ಣದೆನ್ನುವವರು ಹೆಣ್ಣಾಗಿ ಹುಟ್ಟಿದವರಲ್ಲ. ಹಿಂದಿನಿಂದ ಏದುಸಿರು ಬಿಡುತ್ತ ವಾರಿಜತ್ತೆ ಬಂದು ಪಕ್ಕದಲ್ಲಿ ಕೂತರು. ಬೈಯಲು ಬಂದರೇನೋ ಎಂದು ಇವಳು ಮುಖ ತಿರುಗಿಸಿದಳು.

"ನಲವತ್ತು ವರ್ಷದ ಹಿಂದೆ ಅದೇ ಕೋಣೆಯಲ್ಲಿ, ಅದೇ ಗದ್ದೆಗೆ, ನಿನ್ನ ಅಪ್ಪನಿಗೆ ನಾನು ಬಿಟ್ಟುಕೊಟ್ಟದ್ದು. ಮನಸ್ಸಿನಿಂದ ಅಂತ ಹೇಳಿದ್ದೆ. ಸುಳ್ಳು."

ಬೆಳ್ಮಣ್ಣಿನ ಬಸ್ಸು ಬಂದು ನಿಂತಿತು. ಇನ್ನಂಜೆಗೆ ಹೋಗಬೇಕಾದ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಇವಳ ಹಿಂದೆಯೇ ಹತ್ತಿದರು.

"ನಿಖಿತಾ ಮನೆಯಲ್ಲಿ ಉಂಟಲ್ವಾ?" ಎಂದು ಕೇಳಿದರು. "ನನ್ನ ಹೆಸರಿನಲ್ಲೂ ಒಂದು ಅರ್ಜಿ ಬರೆಯಲಿಕ್ಕುಂಟು."